ಹೆಸರನ್ನು ಕೊನೆಗೆ ಓದಿ: ಜಪಾನಿ ಕತ್ತಿಯ ತ್ಸುಬಾ ಮತ್ತು ಅದರ ಮೇಲಿನ ಅಂಕಿತ

(ಬೆಂಗಳೂರಿನಲ್ಲಿ ಹಳೆಯ ವಸ್ತುಗಳ ಆಸಕ್ತರ ಒಂದು ಚಿಕ್ಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ಚಿತ್ರ ತೋರಿಸಿ ದಾಟಿಸಿದ್ದ ಸಂಗತಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕತ್ತಿ ನೋಡಬಹುದು ಅಂತ ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಕತ್ತಿ ತಂದಿಲ್ಲ. ತಂದಿರುವುದು ಈ ಕಬ್ಬಿಣದ ಬಿಲ್ಲೆ ಒಂದೇ. ಅಡ್ಡಗಲ 7.5 ಸೆಂಟಿಮೀಟರ್, ದಪ್ಪ 5 ಮಿಲಿಮೀಟರ್. ಅಂಗೈಯಲ್ಲಿ ಕೂರುತ್ತದೆ. ನಡುವೆ ಒಂದು ಉದ್ದನೆಯ ತೂತಿದೆ, ಮೇಲೆ ಚೂಪು, ಕೆಳಗೆ ಅಗಲ. ಕತ್ತಿಯ ಅಲಗಿನ ಬಾಲ ಅದರ ಮೂಲಕ ಹಾದು ಹಿಡಿಯೊಳಗೆ ಹೋಗುತ್ತದೆ. ಅಲಗಿಗೂ ಹಿಡಿಗೂ ನಡುವೆ ಕೂತು ಕೈಯನ್ನು ಕಾಯುವ ಈ ಬಿಲ್ಲೆಗೆ ತ್ಸುಬಾ ಅಂತ ಹೆಸರು.

ಜಪಾನಿ ಕತ್ತಿಗೆ ಇಂಥ ಲೋಹದ ಸಾಮಾನು ಇನ್ನೂ ಹಲವಿವೆ. ಹಿಡಿಯ ಬುಡಕ್ಕೆ ಫುಚಿ ಎಂಬ ಪಟ್ಟಿ, ತುದಿಗೆ ಕಾಶಿರಾ ಎಂಬ ಟೊಪ್ಪಿ. ಹಿಡಿಗೆ ಸುತ್ತಿದ ದಾರದ ಕೆಳಗೆ ಎರಡು ಪುಟ್ಟ ಆಕೃತಿಗಳು ಇಣುಕುತ್ತವೆ, ಅವು ಮೆನುಕಿ. ಒರೆಯ ಪಕ್ಕದ ಸಂದಿನಲ್ಲಿ ಸಿಕ್ಕಿಸಿಡುವ ಚಿಕ್ಕ ಚಾಕುವಿನ ಹಿಡಿ ಕೊಝುಕಾ. ಅಲಗು ಮಾಡುವವನು ಕಮ್ಮಾರ; ಇವನ್ನೆಲ್ಲ ಮಾಡುವವರ ಕುಲವೇ ಬೇರೆ. ಅವರಲ್ಲಿ ಬಹಳ ಮಂದಿ ತಮ್ಮ ಕೆಲಸದ ಮೇಲೆ ಹೆಸರು ಕೊರೆದಿಟ್ಟಿದ್ದಾರೆ. ಆ ಅಂಕಿತಕ್ಕೆ ಜಪಾನಿಯಲ್ಲಿ ಮೇಯ್ ಅನ್ನುತ್ತಾರೆ.

ಹೆಸರನ್ನು ಎಲ್ಲಿ ಕೊರೆಯುತ್ತಾರೆ ನೋಡಿ. ತ್ಸುಬಾದ ನಡುವಿನ ತೂತಿನ ಸುತ್ತ ಮೊಟ್ಟೆಯಾಕಾರದ ಒಂದು ಬಯಲು ಬಿಟ್ಟಿರುತ್ತಾರೆ. ಅಲ್ಲಿ ಚಿತ್ರ ಇರುವುದಿಲ್ಲ, ಏಕೆಂದರೆ ಅದರ ಮೇಲೆ ಸೆಪ್ಪಾ ಎಂಬ ತೆಳು ತಾಮ್ರದ ವಾಷರ್ ಬಂದು ಕೂರುತ್ತದೆ. ಹೆಸರು ಇರುವುದು ಆ ಬಯಲಲ್ಲೇ. ಅಂದರೆ ಕತ್ತಿಯನ್ನು ಜೋಡಿಸಿದ ಮೇಲೆ ಆ ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ. ಫುಚಿಯಲ್ಲಿ ಅದು ಅಲಗಿನ ಕಡೆಗಿರುವ ತಾಮ್ರದ ತಗಡಿನ ಮೇಲೆ, ತ್ಸುಬಾಕ್ಕೆ ಒತ್ತಿಕೊಂಡು ಮರೆಯಾಗಿರುತ್ತದೆ. ಮೆನುಕಿಯಲ್ಲಿ ಇನ್ನೂ ತಮಾಷೆ. ಎಷ್ಟೋ ಜೋಡಿಗಳಲ್ಲಿ ಅರ್ಧ ಹೆಸರು ಒಂದು ಮೆನುಕಿಯ ಮೇಲೆ, ಉಳಿದರ್ಧ ಇನ್ನೊಂದರ ಮೇಲೆ, ಎರಡೂ ಪುಟ್ಟ ಚಿನ್ನದ ಪಟ್ಟಿಯಲ್ಲಿ. ಜೋಡಿ ಅಗಲಿದರೆ ಹೆಸರೂ ಮುರಿಯಿತು.

ಮೊದಲು ಓದುವುದು ಹೇಗೆ ಅಂತ ನೋಡೋಣ. ಜಪಾನಿ ಬಾರದವರಿಗೂ ಎರಡು ಅಕ್ಷರ ಗುರುತು ಹಿಡಿಯಲು ಹತ್ತು ನಿಮಿಷ ಸಾಕು. ಒಂದು ‘ಷೂ’. ಮೂರು ನಿಂತ ಗೆರೆ, ಅವುಗಳ ಪಕ್ಕದಲ್ಲಿ ಮೂರು ಚುಕ್ಕೆ. ಹೊಳೆಯ ನಡುವೆ ದಿಬ್ಬಗಳು ಎದ್ದ ಹಾಗೆ. ಅದರರ್ಥ ಸೀಮೆ, ಪ್ರಾಂತ್ಯ. ಇನ್ನೊಂದು ‘ಜೂ’. ಎಡಕ್ಕೆ ಮನುಷ್ಯನನ್ನು ಸೂಚಿಸುವ ಎರಡು ಗೆರೆ, ಬಲಕ್ಕೆ ಮೂರು ಅಡ್ಡಗೆರೆಯನ್ನು ಒಂದು ಉದ್ದಗೆರೆ ಪೋಣಿಸಿ, ನೆತ್ತಿಯ ಮೇಲೊಂದು ಚುಕ್ಕೆ. ಅದರರ್ಥ ವಾಸಿ, ನಿವಾಸಿ. ಬರಹ ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಹೋಗುತ್ತದೆ. ‘ಷೂ’ ಸಿಕ್ಕಿತೆಂದರೆ ಅದರ ಮೇಲಿರುವುದು ಸೀಮೆಯ ಹೆಸರು. ‘ಷೂ’ಗೂ ‘ಜೂ’ಗೂ ನಡುವೆ ಏನಾದರೂ ಇದ್ದರೆ ಅದು ಊರು. ‘ಜೂ’ ಆದ ಮೇಲೆ ಬರುವುದು ಆಸಾಮಿಯ ಹೆಸರು. ಕೊನೆಗೆ ‘ಸಾಕು’ ಅಥವಾ ‘ಸೇಯ್’ ಇದ್ದರೆ ‘ಮಾಡಿದ್ದು’ ಎಂದರ್ಥ.

ಪರದೆಯ ಮೇಲೆ ತೋರಿಸಿದ ಒಂದು ತ್ಸುಬಾದಲ್ಲಿ ‘ಜೋಷೂ ಫುಶಿಮಿ ಜೂ’ ಅಂತ ತೂತಿನ ಬಲಕ್ಕೆ, ‘ಕಾನೆಇಯೆ’ ಅಂತ ಎಡಕ್ಕೆ ಇದೆ. ಯಾಮಾಶಿರೋ ಸೀಮೆಯ ಫುಶಿಮಿಯಲ್ಲಿ ವಾಸವಿರುವ ಕಾನೆಇಯೆ. ಕ್ಯೋಟೋದ ದಕ್ಷಿಣಕ್ಕಿರುವ ಫುಶಿಮಿ ಇದು, 16ನೇ ಶತಮಾನದ ಕೊನೆಗೆ ಜಪಾನನ್ನು ಆಳಿದ ಹಿದೆಯೋಶಿ ಕೋಟೆ ಕಟ್ಟಿಸಿದ ಊರು. ನಮಗೆ ಈ ಕ್ರಮ ಹೊಸದಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ ಕೊರೆದುಕೊಂಡದ್ದೂ ಊರು ಮೊದಲು, ಹೆಸರು ಆಮೇಲೆ ಅನ್ನುವ ಲೆಕ್ಕದಲ್ಲೇ.

ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದೆದ್ದ ಗುಂಡಿ. ‘ಜೋಷೂ’ ಅಂದೆನಲ್ಲ, ಜಪಾನಿನಲ್ಲಿ ಜೋಷೂಗಳು ಮೂರು. ಕ್ಯೋಟೋ ಇರುವ ಯಾಮಾಶಿರೋ ಒಂದು ಜೋಷೂ, ಕೋಝುಕೆ ಇನ್ನೊಂದು, ಮಿತೋ ಪಟ್ಟಣವಿರುವ ಹಿತಾಚಿ ಮತ್ತೊಂದು. ಮೂರಕ್ಕೂ ಮೊದಲ ಅಕ್ಷರ ಬೇರೆ ಬೇರೆ, ಉಚ್ಚಾರ ಒಂದೇ. ಬಿಷೂ ಅಂದರೂ ಅಷ್ಟೇ, ಒವಾರಿಯೂ ಆಗಬಹುದು, ಬಿಝೆನ್ ಕಡೆಯೂ ಆಗಬಹುದು. ಹೀಗಾಗಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ನಂಬಿ ಹುಡುಕಾಟ ಶುರು ಮಾಡಬೇಡಿ. ಅಕ್ಷರದ ಚಿತ್ರ ಇಟ್ಟುಕೊಳ್ಳಿ.

ಆಸಾಮಿಯ ಹೆಸರಲ್ಲಿ ಇದರ ತಿರುವುಮುರುವು. ಅಕ್ಷರ ಅದೇ, ಓದು ಎರಡು. ಹಾಮಾನೋ ಮನೆತನದ ಒಬ್ಬ ದೊಡ್ಡ ಕುಶಲಿ (1696–1769) ಕೊರೆದಿರುವ ಎರಡು ಅಕ್ಷರವನ್ನು ಶೋಝುಯ್ ಅಂತಲೂ ಓದಬಹುದು, ಮಾಸಾಯುಕಿ ಅಂತಲೂ ಓದಬಹುದು. ಪುಸ್ತಕ ನೋಡಿ ಇಬ್ಬರು ಬೇರೆ ಬೇರೆ ಜನ ಅಂದುಕೊಂಡವರಿದ್ದಾರೆ. ಇದರ ಮೇಲೆ ಅವನಿಗೆ ಕಾವ್ಯನಾಮಗಳೂ ಇದ್ದವು, ಅವುಗಳಲ್ಲೊಂದು ಮಿಬೊಕು. ಅದನ್ನು ಅವನ ನಂತರದ ಪೀಳಿಗೆಯವರೂ ಇಟ್ಟುಕೊಂಡರು. ತ್ಸುಚಿಯಾ ಯಾಸುಚಿಕಾನ (1670–1744) ಕಥೆ ಇನ್ನೊಂದು ಬಗೆ. ಶೋನಾಯ್‌ನಿಂದ ಎದೋಗೆ, ಅಂದರೆ ಇಂದಿನ ಟೋಕಿಯೋಗೆ, ಬಂದು ಹೆಸರು ಮಾಡಿದವನು, ಇಳಿವಯಸ್ಸಿನಲ್ಲಿ ತನ್ನ ಹೆಸರನ್ನು ಮಗನಿಗೆ ಬಿಟ್ಟುಕೊಟ್ಟು ತಾನು ತೋಉ ಆದ. ಯಾಸುಚಿಕಾ ಅಂತ ಇದ್ದರೆ ಅಪ್ಪನದೋ ಮಗನದೋ ಮೊಮ್ಮಗನದೋ? ಅಕ್ಷರ ಅದಕ್ಕೆ ಉತ್ತರ ಕೊಡುವುದಿಲ್ಲ.

ತಾರೀಖು ಹಾಕಿದ್ದರೆ ನಮ್ಮ ಅದೃಷ್ಟ. ಸಾಮಾನ್ಯವಾಗಿ ಅದು ಹಿಂಬದಿಯಲ್ಲಿರುತ್ತದೆ. ‘ತೆನ್‌ಪೋ ಏಳನೆಯ ವರ್ಷ’ ಅಂದರೆ ಲೆಕ್ಕ ಸುಲಭ. ತೆನ್‌ಪೋ ಎಂಬ ಶಕೆ ಶುರುವಾದದ್ದು 1830ರಲ್ಲಿ, ಹಾಗಾಗಿ ಏಳನೆಯದು 1836. ಆದರೆ ಕೆಲವರು ಶಕೆಯ ಹೆಸರು ಬಿಟ್ಟು ಅರವತ್ತು ವರ್ಷಗಳ ಚಕ್ರದ ಹೆಸರನ್ನಷ್ಟೇ ಹಾಕುತ್ತಾರೆ. ನಮ್ಮ ಪ್ರಭವ, ವಿಭವ ಇದ್ದಂತೆಯೇ ಅವರದೂ ಅರವತ್ತು. ‘ಕಿನೋಎ-ನೆ’ ಅಂತ ಇದ್ದರೆ ಅದು 1744 ಇರಬಹುದು, 1804 ಇರಬಹುದು, 1864 ಕೂಡ ಇರಬಹುದು. ಬರೀ ಸಂವತ್ಸರದ ಹೆಸರಿರುವ ಶಾಸನ ಸಿಕ್ಕಾಗ ನಮ್ಮ ಶಾಸನ ಓದುವವರು ಲಿಪಿ ನೋಡುತ್ತಾರೆ, ರಾಜನ ಹೆಸರು ನೋಡುತ್ತಾರೆ. ಇಲ್ಲಿ ಲೋಹ ನೋಡಬೇಕು, ಕೆಲಸದ ಧಾಟಿ ನೋಡಬೇಕು. ವಯಸ್ಸನ್ನೂ ಕೊರೆಯುವ ರೂಢಿ ಇತ್ತು; ಎಪ್ಪತ್ತು ದಾಟಿದ ಮುದುಕರು ಹೆಮ್ಮೆಯಿಂದಲೇ ಹಾಕಿಕೊಂಡಿದ್ದಾರೆ.

ಹೆಸರಿನ ಕೆಳಗೆ ಕೆಲವೊಮ್ಮೆ ಓದಲಾಗದ ಒಂದು ಗಂಟು ಕಾಣಿಸುತ್ತದೆ. ಅದು ಕಾಓ. ಅಕ್ಷರವೊಂದನ್ನು ಸುತ್ತಿ ಸುರುಳಿ ಮಾಡಿ ತನ್ನದೇ ಗುರುತಾಗಿಸಿಕೊಂಡ ರುಜು. ಅದನ್ನು ಓದಲು ಹೋಗಬಾರದು, ಮುಖ ನೋಡಿದಂತೆ ನೋಡಬೇಕು.

ಈಗ ಗೋತೋ ಮನೆತನದ ವಿಷಯಕ್ಕೆ ಬರುತ್ತೇನೆ. ಅದಿಲ್ಲದೆ ಈ ಮಾತು ಪೂರ್ತಿಯಾಗುವುದಿಲ್ಲ. ಮೂಲಪುರುಷ ಗೋತೋ ಯೂಜೋ (1440–1512) ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳಾದ ಅಶಿಕಾಗಾ ಶೋಗುನರ ಆಶ್ರಯದಲ್ಲಿದ್ದವನು. ಅಲ್ಲಿಂದ ಹದಿನೇಳು ತಲೆಮಾರು, ಕತ್ತಿ ತೊಡುವ ಕಾಲವೇ ಮುಗಿಯುವವರೆಗೆ, ಆಳುವವರಿಗೆ ಸಾಮಾನು ಮಾಡಿಕೊಟ್ಟ ಮನೆ ಅದು. ಅವರ ಮುಖ್ಯ ಲೋಹ ಶಾಕುದೋ. ತಾಮ್ರಕ್ಕೆ ನೂರಕ್ಕೆ ಮೂರು, ನಾಲ್ಕು, ಐದು ಪಾಲು ಚಿನ್ನ ಬೆರೆಸಿ, ರೋಕುಶೋ ಎಂಬ ತಾಮ್ರದ ಕಿಲುಬಿನ ದ್ರಾವಣದಲ್ಲಿ ಕುದಿಸಿದರೆ ಅದು ಕಾಗೆಯ ರೆಕ್ಕೆಯಂಥ ನೀಲಿ ಮಿಶ್ರಿತ ಕಪ್ಪಿಗೆ ತಿರುಗುತ್ತದೆ. ಕುದಿಸುವ ಮುಂಚೆ ತುರಿದ ಮೂಲಂಗಿಯನ್ನು ಮೈಗೆಲ್ಲ ಬಳಿಯುತ್ತಾರೆ, ಬಣ್ಣ ಕಲೆಯಿಲ್ಲದೆ ಸಮವಾಗಿ ಹಿಡಿಯಲಿ ಅಂತ. ಬೀದರಿನವರು ಕೋಟೆಯ ಮಣ್ಣಿನಿಂದ ಸತುವಿನ ಬೆರಕೆಯನ್ನು ಕಪ್ಪಾಗಿಸುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡರಲ್ಲೂ ಕಪ್ಪು ಬಳಿದದ್ದಲ್ಲ, ಲೋಹದ ಮೈಯೇ ಕಪ್ಪಾದದ್ದು. ಅದಕ್ಕೇ ಕೈಮುಗಿದು ಕೇಳಿಕೊಳ್ಳುತ್ತೇನೆ, ಯಾರ ಮನೆಯಲ್ಲಾದರೂ ಇಂಥದ್ದಿದ್ದರೆ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಥಳಥಳ ಹೊಳೆಯುವ ತಾಮ್ರ ಸಿಗುತ್ತದೆ, ಗೋತೋ ಹೋಗಿರುತ್ತಾನೆ.

ಈ ಮನೆಯ ಮೊದಲ ತಲೆಮಾರುಗಳ ಕೆಲಸದ ಮೇಲೆ ಹೆಸರೇ ಇಲ್ಲ. ಆಮೇಲಿನವರು ಅಜ್ಜಂದಿರ ಕೆಲಸವನ್ನು ನೋಡಿ, ಗುರುತಿಸಿ, ಹಿಂಬದಿಯಲ್ಲಿ ಸಾಕ್ಷಿ ಬರೆದರು. ಒಂದು ಕೊಝುಕಾದ ಬೆನ್ನಿನಲ್ಲಿ ‘ಮೋನ್ ಯೂಜೋ’ ಅಂತ ಇದೆ, ಅದರ ಪಕ್ಕದಲ್ಲಿ ‘ಮಿತ್ಸುತಾಕಾ’ ಮತ್ತು ಕಾಓ ಇದೆ ಅನ್ನಿ. ಮಾಡಿದವನು ಯಾರು? ಮಿತ್ಸುತಾಕಾ 18ನೇ ಶತಮಾನದ ಹದಿಮೂರನೆಯ ಯಜಮಾನ. ಅವನು ಹೇಳುತ್ತಿರುವುದು ‘ಮುಂಭಾಗದ ಆಕೃತಿ ಯೂಜೋನದು, ಇದಕ್ಕೆ ನಾನು ಸಾಕ್ಷಿ’ ಅಂತ. ಮೋನ್ ಅಂದರೆ ಆಕೃತಿ ಮಾತ್ರ. ಅದನ್ನು ಕೂರಿಸಿದ ತಗಡು, ಅದರ ಮೇಲೆ ಮೀನಿನ ಮೊಟ್ಟೆಯ ಹಾಗೆ ಸಾಲುಸಾಲಾಗಿ ಒತ್ತಿದ ಗುಂಡು ಚುಕ್ಕೆಗಳು, ಇವೆಲ್ಲ ಎಷ್ಟೋ ಸಲ ಆಮೇಲೆ ಮಾಡಿಸಿದ್ದು. ಒಂದೇ ಬೆರಳುದ್ದದ ಸಾಮಾನಿನಲ್ಲಿ ಮುನ್ನೂರು ವರ್ಷ ಅಂತರದ ಇಬ್ಬರು ಕೂತಿದ್ದಾರೆ! ಒಂದೊಂದು ಪದವನ್ನೂ ಕರಾರುಪತ್ರ ಓದುವ ಹಾಗೆ ಓದಬೇಕು ಅನ್ನುವುದು ಇದಕ್ಕೇ. ಈ ಮನೆಯವರು ಕಾಗದದ ಮೇಲೂ ಪ್ರಮಾಣಪತ್ರ ಕೊಡುತ್ತಿದ್ದರು. ಮಡಿಚಿದ ಕಾಗದ, ಅದಕ್ಕೆ ಒರಿಗಾಮಿ ಅಂತಲೇ ಹೆಸರು. ಇವತ್ತಿಗೂ ಜಪಾನಿನಲ್ಲಿ ‘ಒರಿಗಾಮಿ-ತ್ಸುಕಿ’ ಅಂದರೆ ನಂಬಬಹುದಾದ ಖಾತ್ರಿ ಮಾಲು.

ಇಷ್ಟು ಓದುವುದಾಯಿತು. ಓದಿದ್ದನ್ನು ನಂಬುವುದು ಬೇರೆ ಕೆಲಸ.

ಕಳ್ಳ ಅಂಕಿತಕ್ಕೆ ಗಿಮೇಯ್ ಅನ್ನುತ್ತಾರೆ. ಯಾರ ಹೆಸರು ಹೆಚ್ಚು ಕಳುವಾಗಿದೆ ಅಂದರೆ ದೊಡ್ಡವರದೇ. ಕಾನೆಇಯೆ, ನೋಬುಇಯೆ, ಯೋಕೋಯಾ ಸೋಮಿನ್ (1670–1733), ಕಾನೋ ನಾತ್ಸುಓ (1828–1898). ಸೋಮಿನ್ ಉಳಿಯನ್ನು ಓರೆಯಾಗಿ ಹಿಡಿದು, ಗೆರೆಯ ಒಂದು ಬದಿ ಆಳ ಇನ್ನೊಂದು ಬದಿ ತೆಳು ಬರುವಂತೆ ಕಡಿದು, ಲೋಹದ ಮೇಲೆ ಕುಂಚದ ಎಳೆತ ತಂದವನು. ನಾತ್ಸುಓ ಮೇಯ್ಜಿ ಸರಕಾರದ ಹೊಸ ನಾಣ್ಯಗಳಿಗೆ ವಿನ್ಯಾಸ ಮಾಡಿದವನು. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ತೊಡುವುದನ್ನು ನಿಷೇಧಿಸಿದಾಗ ಇವರ ಕಸುಬಿನ ನೆಲವೇ ಕುಸಿಯಿತು. ಕತ್ತಿಗಳಿಂದ ಕಳಚಿದ ಸಾಮಾನು ರಾಶಿರಾಶಿಯಾಗಿ ಯುರೋಪು, ಅಮೆರಿಕಗಳಿಗೆ ಹೋಯಿತು. ಕೊಳ್ಳುವವರು ಹೆಸರು ಕೇಳಿದರು, ಹೆಸರು ಕೊರೆಯಲು ಕೈಗಳೂ ಖಾಲಿ ಇದ್ದವು.

ಆದರೂ ಹೆಸರಿನವನೇ ಮಾಡಿರದಿದ್ದರೆ ಮೋಸ ಅಂತ ತೀರ್ಪು ಕೊಟ್ಟುಬಿಡುವುದು ಅವಸರ. ಗುರುವಿಗೆ ಕೈ ನಡುಗುವ ವಯಸ್ಸಾದಾಗ ಶಿಷ್ಯನೇ ಮಾಡಿ, ಗುರುವಿನ ಒಪ್ಪಿಗೆಯಿಂದ ಗುರುವಿನ ಹೆಸರು ಕೊರೆದದ್ದುಂಟು. ಒಂದೇ ಹೆಸರನ್ನು ಮನೆಯ ಫಲಕದಂತೆ ತಲೆಮಾರುಗಟ್ಟಲೆ ಬಳಸಿದವರಿದ್ದಾರೆ. ಎಚಿಝೆನ್ ಸೀಮೆಯ ‘ಕಿನಾಯ್’ ಹಾಗೆ. ಇವಕ್ಕೆಲ್ಲ ಒಂದೇ ಕಳ್ಳನ ಹಣೆಪಟ್ಟಿ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಬಿಲ್ಲೆಯನ್ನೇ ತೆಗೆದುಕೊಳ್ಳಿ. ಕೆಲಸದ ಮೇಲೆ ಜಪಾನಿನಲ್ಲಿದ್ದಾಗ ಹಳೆ ಸಾಮಾನಿನ ಒಂದು ಸಂತೆಯಲ್ಲಿ ಕೊಂಡದ್ದು, ಆ ತಿಂಗಳ ಮನೆ ಬಾಡಿಗೆಯಷ್ಟು ಕೊಟ್ಟು. ಬಿದಿರು ಮೆಳೆಯ ನಡುವೆ ಏಳು ಜನ ಚೀನೀ ಜ್ಞಾನಿಗಳು ಕೂತು ಹರಟುತ್ತಿದ್ದಾರೆ. ಹಿನ್ನೆಲೆಯನ್ನೆಲ್ಲ ಕೊರೆದು ತೆಗೆದು, ಮೈಗಳನ್ನು ಗುಂಡಗೆ ನಿಲ್ಲಿಸಿ, ಮುಖಕ್ಕೆ ಬೆಳ್ಳಿ, ಅಂಚಿಗೆ ಚಿನ್ನ. ಬಲಕ್ಕೆ ‘ಗೋಷೂ ಹಿಕೋನೆ ಜೂ’, ಎಡಕ್ಕೆ ‘ಸೋಹೇಶಿ ನ್ಯೂದೋ ಸೋತೆನ್ ಸೇಯ್’. ಬೀವಾ ಸರೋವರದ ದಂಡೆಯ ಹಿಕೋನೆಯ ಸೋತೆನ್! ‘ಷೂ’ ಮತ್ತು ‘ಜೂ’ ಹೊಸದಾಗಿ ಕಲಿತಿದ್ದ ನನಗೆ ಅದನ್ನು ನಾನೇ ಓದಿದೆ ಅನ್ನುವ ಹುಮ್ಮಸ್ಸು. ಮಾರುವವನು ನನಗಿಂತ ಜೋರಾಗಿ ತಲೆಯಾಡಿಸಿದ. ಸೋತೆನ್ ಹೆಸರಿರುವ ತ್ಸುಬಾಗಳಲ್ಲಿ ಬಹುಪಾಲು ಶಿಷ್ಯರದು, ಅನುಕರಿಸಿದವರದು, ದೂರದ ಆಯ್ಝುವಿನವರದು ಅನ್ನುವುದು ಅಲ್ಲಿನ ಸಂಗ್ರಹಕಾರರಿಗೆಲ್ಲ ಗೊತ್ತಿರುವ ಮಾತು. ನನಗೆ ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ.

ಎಷ್ಟೋ ತಿಂಗಳ ನಂತರ ಈ ವಿದ್ಯೆ ಬಲ್ಲ ಒಬ್ಬ ಹಿರಿಯರಿಗೆ ಅದನ್ನು ತೋರಿಸಿದೆ. ಅವರು ಹೆಸರಿರುವ ಬದಿಯನ್ನು ಕೆಳಗೆ ಮಾಡಿ ಇಟ್ಟುಕೊಂಡರು. ಅಂಚಿನ ದಪ್ಪ ಮುಟ್ಟಿ ನೋಡಿದರು, ತುಕ್ಕಿನ ಬಣ್ಣ ನೋಡಿದರು, ಬಿದಿರಿನ ಗಿಣ್ಣು ನೋಡಿದರು. ಐದು ನಿಮಿಷ ಕಳೆದ ಮೇಲೆ ತಿರುಗಿಸಿ, ದೀಪವನ್ನು ಪಕ್ಕಕ್ಕೆ ಸರಿಸಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ ಅಕ್ಷರ ನೋಡಿದರು. ಅವರು ಆಗ ತೋರಿಸಿದ್ದನ್ನು ನಿಮಗೂ ತೋರಿಸುತ್ತೇನೆ. ಮುಂದಿನ ಚಿತ್ರ ಹಾಕಿ.

ಇದು ಇಪ್ಪತ್ತು ಪಟ್ಟು ದೊಡ್ಡದು ಮಾಡಿದ್ದು. ಒಂದೊಂದು ಗೆರೆಯೂ ಎಳೆದದ್ದಲ್ಲ ಅನ್ನುವುದು ಕಾಣಿಸುತ್ತದಲ್ಲ? ಉಳಿಯನ್ನಿಟ್ಟು ಸುತ್ತಿಗೆಯಿಂದ ಟಕ್ ಟಕ್ ಅಂತ ಮುಂದೆ ಸರಿಸಿದ್ದು. ಪ್ರತಿ ಪೆಟ್ಟಿಗೂ ಒಂದು ಪುಟ್ಟ ತ್ರಿಕೋನ, ತ್ರಿಕೋನಗಳ ಸರಪಳಿಯೇ ಗೆರೆ. ಪಳಗಿದ ಕೈಯಾದರೆ ಪೆಟ್ಟಿನ ಅಂತರ ಒಂದೇ ಸಮ, ತಿರುವಿನಲ್ಲೂ ಓಟ ತಪ್ಪುವುದಿಲ್ಲ. ನೋಡಿ ನಕಲು ಮಾಡುವವನು ತಿರುವು ಬಂದಾಗ ನಿಂತು ಯೋಚಿಸುತ್ತಾನೆ, ಅಲ್ಲಿ ಪೆಟ್ಟುಗಳು ಒತ್ತೊತ್ತಾಗುತ್ತವೆ. ಉಳಿ ಹೋದ ದಾರಿಯ ಎರಡು ಬದಿಗೆ ಲೋಹ ಸ್ವಲ್ಪ ಉಬ್ಬುತ್ತದೆ, ನೇಗಿಲ ಸಾಲಿನ ಬದಿಯ ಮಣ್ಣಿನಂತೆ. ಎರಕ ಹೊಯ್ದು ಮಾಡಿದ ಇತ್ತೀಚಿನ ನಕಲುಗಳಲ್ಲಿ ಈ ಉಬ್ಬೂ ಇಲ್ಲ, ತ್ರಿಕೋನವೂ ಇಲ್ಲ. ಅಕ್ಷರದ ಅಂಚು ಚೀಪಿದ ಪೆಪ್ಪರಮಿಂಟಿನ ಹಾಗೆ ನುಣುಪು.

ಆ ಹಿರಿಯರು ಬೆರಳಿಟ್ಟದ್ದು ಇಲ್ಲಿಗೆ, ನಡುವಿನ ತೂತಿನ ಅಂಚಿಗೆ. ಅಲಗು ಅಲುಗಾಡದಂತೆ ಬಿಗಿಯಾಗಿ ಕೂರಲಿ ಅಂತ ತೂತಿನ ಸುತ್ತ ಗುದ್ದಿ ಲೋಹವನ್ನು ಒಳಕ್ಕೆ ಒತ್ತುತ್ತಾರೆ. ಅದು ತ್ಸುಬಾವನ್ನು ಕತ್ತಿಗೆ ಜೋಡಿಸುವಾಗಿನ ಕೆಲಸ, ಅಂದರೆ ಮಾಡಿ ಮುಗಿಸಿದ ಮೇಲಿನದು. ಹೆಸರು ಮೊದಲಿನಿಂದ ಇದ್ದದ್ದಾದರೆ ಗುದ್ದಿನ ಹತ್ತಿರದ ಗೆರೆಗಳು ಹಿಸುಕಿ ಸೊಟ್ಟಗಾಗಿರಬೇಕು. ನನ್ನದರಲ್ಲಿ ‘ತೆನ್’ ಅಕ್ಷರದ ಒಂದು ಗೆರೆ ಗುದ್ದಿನ ಹಳ್ಳಕ್ಕೆ ಇಳಿದು, ಆಚೆ ದಡ ಹತ್ತಿ, ನೆಟ್ಟಗೆ ಮುಂದೆ ಹೋಗಿದೆ. ಗುದ್ದು ಹಳೆಯದು, ಹೆಸರು ಹೊಸದು. ಇನ್ನೊಂದು ಸಾಕ್ಷಿಯೂ ಇತ್ತು. ಸೆಪ್ಪಾ ಒತ್ತಿ ಒತ್ತಿ ಆ ಬಯಲೆಲ್ಲ ಸವೆದು ನುಣ್ಣಗಾಗಿದೆ, ಅಕ್ಷರಗಳ ಬದಿಯ ಉಬ್ಬು ಮಾತ್ರ ಬೆರಳಿಗೆ ಚುಚ್ಚುವಷ್ಟು ಹರಿತ. ಸವೆತದ ಕಾಲದಲ್ಲಿ ಅವು ಅಲ್ಲಿರಲಿಲ್ಲ. ಗೆರೆಯ ತಳದ ತುಕ್ಕೂ ಕಿತ್ತಳೆ ಬಣ್ಣದ್ದು. ಉಳಿದ ಮೈಯದು ಹುರಿದ ಕಾಫಿ ಬೀಜದ ಬಣ್ಣ.

‘ಕೆಲಸ ಚೆನ್ನಾಗಿದೆ’ ಅಂದರು ಆ ಹಿರಿಯರು. ಒಂದು ಕ್ಷಣ ಬಿಟ್ಟು, ‘ಹೆಸರು ಇರದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.’

ಇದು ಬರೀ ಅವರ ಅಭಿರುಚಿಯ ಮಾತಲ್ಲ, ವ್ಯವಹಾರದ ಮಾತೂ ಹೌದು. 1948ರಲ್ಲಿ ಹುಟ್ಟಿದ ನಿಹೋನ್ ಬಿಜುತ್ಸು ತೋಕೆನ್ ಹೋಝೋನ್ ಕ್ಯೋಕಾಯ್ ಎಂಬ ಸಂಸ್ಥೆ ಕತ್ತಿಗೂ ಕತ್ತಿಯ ಸಾಮಾನಿಗೂ ಪರೀಕ್ಷೆ ಮಾಡಿ ಪತ್ರ ಕೊಡುತ್ತದೆ. ಹೋಝೋನ್, ಅದರ ಮೇಲೆ ತೋಕುಬೆತ್ಸು ಹೋಝೋನ್, ಆಮೇಲೆ ಜೂಯೋ, ಎಲ್ಲಕ್ಕೂ ಮೇಲೆ ತೋಕುಬೆತ್ಸು ಜೂಯೋ. ಹೆಸರಿಲ್ಲದ ಒಳ್ಳೆಯ ಕೆಲಸಕ್ಕೆ ‘ಇದು ಇಂಥ ಪಂಥದ್ದು’ ಅಂತ ಪತ್ರ ಸಿಗಬಹುದು. ಕಳ್ಳ ಹೆಸರಿದ್ದರೆ ಕೆಲಸ ಎಷ್ಟೇ ಚೆನ್ನಾಗಿದ್ದರೂ ಪತ್ರವಿಲ್ಲ. ಅದಕ್ಕೆ ಕೆಲವರು ಆ ಹೆಸರನ್ನು ಉಜ್ಜಿಸಿ ಅಳಿಸಿ ಮತ್ತೆ ಪರೀಕ್ಷೆಗೆ ಕಳಿಸುತ್ತಾರೆ. ಅದು ಅಲ್ಲಿ ಒಪ್ಪಿತವಾದ ರೂಢಿಯೇ. ನನಗೆ ಮನಸ್ಸು ಬರಲಿಲ್ಲ. ಕಳ್ಳನೂ ನೂರು ವರ್ಷ ಹಳಬನಾಗಿರಬಹುದಲ್ಲ?

ಪೆಟ್ಟಿಗೆಯ ಬಗ್ಗೆ ಒಂದು ಮಾತು, ಮರೆಯುವ ಮೊದಲು. ಒಳ್ಳೆಯ ತ್ಸುಬಾವನ್ನು ಪೌಲೋನಿಯಾ ಮರದ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಮೇಲೆ ತಜ್ಞರ ಕೈಯಲ್ಲಿ ಬರೆಸಿರುತ್ತಾರೆ. ಬರಹ ಅಸಲಿ ಇರಬಹುದು. ಆದರೆ ಒಳಗೆ ಈಗ ಇರುವುದು ಅವರು ಅಂದು ಕಂಡ ತ್ಸುಬಾವೇ ಅಂತ ಮುಚ್ಚಳ ಹೇಳುವುದಿಲ್ಲ.

ಮಾತು ಮುಗಿದ ಮೇಲೆ ಬಿಲ್ಲೆಯನ್ನು ಸಭೆಯಲ್ಲಿ ಒಂದು ಸುತ್ತು ಕಳಿಸಿದೆ. ಕೈ ತೊಳೆದು ಒರೆಸಿಕೊಂಡು ಮುಟ್ಟಿ ಅಂತ ಹೇಳಿದ್ದೆ. ಅರ್ಧ ಜನ ಪಂಚೆ, ಸೀರೆಗೆ ಒರೆಸಿಕೊಂಡರು. ಹಿಂದಿನ ಸಾಲಿನಲ್ಲಿ ನಗರತ್‌ಪೇಟೆಯಲ್ಲಿ ನಲವತ್ತು ವರ್ಷ ಚಿನ್ನದ ಕೆಲಸ ಮಾಡಿದ ಒಬ್ಬ ಹಿರಿಯರು ಕೂತಿದ್ದರು. ಕೂಟದ ಗೆಳೆಯರೊಬ್ಬರು ಕರೆತಂದವರು. ಚಿತ್ರ ತೋರಿಸುವಾಗ ಕತ್ತಲೆಯಲ್ಲಿ ಸಣ್ಣಗೆ ತೂಕಡಿಸಿದ್ದನ್ನು ನಾನೇ ಕಂಡಿದ್ದೆ. ಅವರು ಜೇಬಿನಿಂದ ಐಗ್ಲಾಸ್ ತೆಗೆದು ಕಣ್ಣಿಗಿಟ್ಟು ಕಿಟಕಿಯ ಹತ್ತಿರ ಹೋದರು. ಎರಡು ನಿಮಿಷ. ಬಂದು ನನ್ನ ಕೈಗೆ ಕೊಟ್ಟರು.

‘ಇಬ್ರು ಮಾಡಿದಾರೆ ಸಾರ್ ಇದನ್ನ. ಬಟ್ಟೆ ಮಡಿಕೆ ಕಡಿದೋನ ಉಳಿ ಚೂಪು, ಒಂದೇ ಏಟಿಗೆ ಇಳಿಸಿದಾನೆ. ನಡುವಿನ ಗೀಟು ಕಡಿದೋನ ಉಳಿ ಮೊಂಡು, ಮೂತಿ ಒಂಚೂರು ಮುರಿದೂ ಇದೆ ನೋಡಿ, ಎಲ್ಲಾ ಗೀಟಲ್ಲೂ ಬಲಗಡೆ ಅದೇ ಗೀರು.’

ನಾನು ಹತ್ತು ವರ್ಷದಿಂದ ಇಟ್ಟುಕೊಂಡಿದ್ದರೂ ಆ ಗೀರನ್ನು ಕಂಡಿರಲಿಲ್ಲ. ‘ಅದೇ ಯಜಮಾನ್ರೇ, ನಾನು ಇಷ್ಟು ಹೊತ್ತು ಹೇಳಿದ್ದು, ಆ ಹೆಸರು’ ಅಂದೆ.

‘ಅದು ಹೆಸರಾ?’ ಅಂದರು. ‘ನಾನು ಬಳ್ಳಿ ಡಿಸೈನು ಅನ್ಕೊಂಡೆ.’